ಥೈರಿಸ್ಟರ್‌ಗೆ ನೆನಪಿನ ಶಕ್ತಿ ಎಲ್ಲಿಂದ?

ಪ್ರಶ್ನೆ: ಮೋಟಾರು, ಕುಲುಮೆಗಳ ವಿದ್ಯುತ್ ನಿಯಂತ್ರಿಸುವ ಥೈರಿಸ್ಟರ್‌ನಿಂದ ಮೆಮೊರಿ ಚಿಪ್ ಮಾಡಬಹುದೇ?

ಉತ್ತರ: ಮಾಡಬಹುದು. ಪಿ-ಎನ್-ಪಿ-ಎನ್ ಎಂಬ ನಾಲ್ಕು ಪದರಗಳ ಥೈರಿಸ್ಟರ್ ಒಮ್ಮೆ ಆನ್ ಆದರೆ, ಅದನ್ನು ಆನ್ ಮಾಡಿದ ಗೇಟ್ ಎಂಬ ತುದಿಯ ಸಂಕೇತ ನಿಂತರೂ ಆನ್ ಆಗಿಯೇ ಇರುತ್ತದೆ. ಪ್ರವಾಹ ಒಂದು ಮಿತಿಗಿಂತ ಇಳಿದರಷ್ಟೇ ಆಫ್. ಈ ಹಟವೇ ನೆನಪು: ಆನ್ ಎಂದರೆ 1, ಆಫ್ ಎಂದರೆ 0.

ಇಂದಿನ ಕಂಪ್ಯೂಟರುಗಳ ಮುಖ್ಯ ಮೆಮೊರಿಯಾದ ಡಿರ್‍ಯಾಮ್‌ನಲ್ಲಿ ಬಿಟ್ (ಒಂದು 1 ಅಥವಾ 0) ಉಳಿಯುವುದು ಕೆಪಾಸಿಟರಿನಲ್ಲಿ. ಅದು ಚಾರ್ಜ್ ಸೋರುವ, ತೂತು ಬಿದ್ದ ಕೊಡ. ಸಾಮಾನ್ಯವಾಗಿ 32 ಅಥವಾ 64 ಮಿಲಿಸೆಕೆಂಡಿಗೊಮ್ಮೆ ಮತ್ತೆ ತುಂಬಬೇಕು. ನನ್ನ ಪ್ರಕಾರ ಅದಕ್ಕಿಂತ ದೊಡ್ಡ ತಲೆನೋವು ಅದರ ಆಕಾರ. ಸಪೂರವಾಗಿ ಎತ್ತರಕ್ಕೆ ನಿಂತ ಈ ಕೆಪಾಸಿಟರುಗಳ ಮೇಲೆ ಇನ್ನೊಂದು ಸಾಲು ಪೇರಿಸುವುದು ಬಲು ಕಷ್ಟ. ಒಂದು ಬಿಟ್ ಹಿಡಿದಿಡುವ ಥೈರಿಸ್ಟರ್ ಕೋಶಕ್ಕೆ ಕೆಪಾಸಿಟರೇ ಬೇಡ. ಅಡ್ಡ ಮಲಗಿಸಿ, ಪದರದ ಮೇಲೆ ಪದರ ಜೋಡಿಸಬಹುದು.

ಆದರೆ ಬಿಸಿಯೇರಿದರೆ ಸೋರಿಕೆ ಪ್ರವಾಹ ಹೆಚ್ಚಿ, ಆಫ್ ಇರಬೇಕಾದ ಕೋಶ ತಾನಾಗಿ ಆನ್ ಆಗಬಹುದು. ಪದರ ಹೆಚ್ಚಿದಷ್ಟೂ ಒಳಗಿನ ಶಾಖಕ್ಕೆ ಹೊರದಾರಿ ಕಿರಿದು. ವಿನ್ಯಾಸಕಾರರ ಅರ್ಧ ಕಸರತ್ತು ಇಲ್ಲೇ.