ಹಳೆಯ ಸರಪಳಿ ಟ್ರ್ಯಾಕ್ಟರಿನ ಸ್ಟಿಯರಿಂಗ್ ಕ್ಲಚ್ಚು ಮತ್ತು ಬ್ರೇಕು: ದೋಷಪರೀಕ್ಷೆಯ ಕ್ರಮ

ಚಕ್ರದ ಟ್ರ್ಯಾಕ್ಟರು ತಿರುಗುವ ಬಗೆ ಎಲ್ಲರಿಗೂ ತಿಳಿದದ್ದೇ. ಮುಂದಿನ ಚಕ್ರಗಳು ಓರೆಯಾದರೆ ಯಂತ್ರವು ಆ ಕಡೆಗೆ ಹೊರಳುತ್ತದೆ. ಸರಪಳಿ ಟ್ರ್ಯಾಕ್ಟರಿನಲ್ಲಾದರೋ ಓರೆಯಾಗಬಲ್ಲ ಅಂಗವೇ ಇಲ್ಲ. ಎರಡು ಪಕ್ಕದ ಸರಪಳಿಗಳ ವೇಗದಲ್ಲಿ ಅಂತರವನ್ನುಂಟುಮಾಡಿಯೇ ಅದನ್ನು ತಿರುಗಿಸಬೇಕು. ಬೆಂಜಮಿನ್ ಹೋಲ್ಟ್ 1904ರಲ್ಲಿ ಕ್ಯಾಲಿಫೋರ್ನಿಯದ ಸ್ಟಾಕ್‌ಟನ್ ನಗರದ ಬಳಿ ತನ್ನ ಉಗಿಯಂತ್ರಕ್ಕೆ ಸರಪಳಿ ತೊಡಿಸಿ ನಡೆಸಿದ ಮೇಲೆ ಬಂದ ಆರಂಭದ ಯಂತ್ರಗಳಿಗೆ, ದಾರಿ ತೋರಿಸಲು ಮುಂದೆ ಒಂದು ಚಕ್ರವಿರುತ್ತಿತ್ತು. ಕಾಲಕ್ರಮದಲ್ಲಿ ಆ ಚಕ್ರ ಮಾಯವಾಗಿ, ತಿರುಗಿಸುವ ಹೊಣೆಯೆಲ್ಲ ಎರಡು ಕ್ಲಚ್ಚು ಮತ್ತು ಎರಡು ಬ್ರೇಕುಗಳ ಮೇಲೆ ಬಿದ್ದಿತು.

ನಮ್ಮ ದೇಶಕ್ಕೂ ಈ ಯಂತ್ರಗಳಿಗೂ ಹಳೆಯ ಸಂಬಂಧವುಂಟು. ಕಾಂಸ್ ಎಂಬ ಆಳಬೇರಿನ ಹುಲ್ಲು ಆಕ್ರಮಿಸಿದ್ದ ಮಧ್ಯಭಾರತದ ಭೂಮಿಯನ್ನು ಉತ್ತು ಹಸನುಗೊಳಿಸಲು ಬೇಕಾದ ಟ್ರ್ಯಾಕ್ಟರುಗಳಿಗಾಗಿ 1949ರಲ್ಲಿ ವಿಶ್ವಬ್ಯಾಂಕು ಭಾರತಕ್ಕೆ ಒಂದು ಕೋಟಿ ಡಾಲರು ಸಾಲ ನೀಡಿತು. 1964ರಲ್ಲಿ ಸ್ಥಾಪಿತವಾದ ಭಾರತ್ ಅರ್ಥ್ ಮೂವರ್ಸ್ ಸಂಸ್ಥೆಯು ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಈ ಜಾತಿಯ ಯಂತ್ರಗಳನ್ನು ತಯಾರಿಸತೊಡಗಿತು. ಪ್ರಕೃತ ಲೇಖನದಲ್ಲಿ ಕ್ಯಾಟರ್‌ಪಿಲರ್ ಕಂಪನಿಯ ಹಳೆಯ ಡಿ-2, ಡಿ-4 ಮಾದರಿಗಳನ್ನು ಉದಾಹರಣೆಯಾಗಿ ಇಟ್ಟುಕೊಂಡಿದೆ. ಇವುಗಳ ರಚನೆ ಸರಳ. ಕಾರ್ಯಕಾರಣ ಸಂಬಂಧವು ಇವುಗಳಲ್ಲಿ ಸ್ಪಷ್ಟವಾಗಿ ಕಾಣುವುದರಿಂದ ವಿದ್ಯಾರ್ಥಿಗಳಿಗೆ ಇವು ಒಳ್ಳೆಯ ಪಾಠ.

ಇಂಜಿನಿನ ಶಕ್ತಿಯು ಮುಖ್ಯ ಕ್ಲಚ್ಚು, ಗೇರುಪೆಟ್ಟಿಗೆಗಳನ್ನು ದಾಟಿ ಹಿಂಭಾಗದ ಅಡ್ಡದಂಡವೊಂದಕ್ಕೆ ಬರುತ್ತದೆ. ಬೆವೆಲ್ ಗೇರು ಕೂತಿರುವ ಈ ದಂಡದ ಎರಡು ತುದಿಗಳಲ್ಲಿಯೂ ಒಂದೊಂದು ಸ್ಟಿಯರಿಂಗ್ ಕ್ಲಚ್ಚು. ಉಕ್ಕಿನ ಬಿಲ್ಲೆಗಳೂ ಘರ್ಷಕ ಪದಾರ್ಥವನ್ನು ಹೊದಿಸಿದ ಬಿಲ್ಲೆಗಳೂ ಒಂದಾದ ಮೇಲೊಂದರಂತೆ ಜೋಡಿಸಲ್ಪಟ್ಟು, ಬಲವಾದ ಸ್ಪ್ರಿಂಗುಗಳಿಂದ ಸದಾ ಅದುಮಲ್ಪಟ್ಟಿರುತ್ತವೆ. ಚಾಲಕನು ಕೈಸನ್ನೆಯನ್ನು ಎಳೆದಾಗ ಒತ್ತಡ ಸಡಿಲಿ ಆ ಪಕ್ಕದ ಸರಪಳಿಗೆ ಶಕ್ತಿ ನಿಲ್ಲುತ್ತದೆ. ಕ್ಲಚ್ಚಿನ ಹೊರ ಡ್ರಮ್ಮಿನ ಸುತ್ತ ಬ್ರೇಕಿನ ಪಟ್ಟಿ ಬಿಗಿದಿರುತ್ತದೆ. ಇಲ್ಲಿ ಗಮನಿಸಬೇಕಾದ ಅಂಶ ಇದು: ಶಕ್ತಿಯ ಹಾದಿಯಲ್ಲಿ ಬ್ರೇಕು ಕ್ಲಚ್ಚಿನ ಆಚೆಗೆ, ಸರಪಳಿಯ ಕಡೆಗೆ ಇದೆ. ಕ್ಲಚ್ಚು ಬಿಡದೆ ಬ್ರೇಕನ್ನೊತ್ತಿದರೆ ಬ್ರೇಕು ಇಂಜಿನಿನೊಡನೆಯೇ ಕಾದಾಡಬೇಕಾಗುತ್ತದೆ. ಅಲ್ಲದೆ ಕಾರುಗಳಲ್ಲಿರುವ ಡಿಫರೆನ್ಷಿಯಲ್ ಇಲ್ಲಿ ಇಲ್ಲ. ಅಡ್ಡದಂಡವು ಎರಡು ಕ್ಲಚ್ಚುಗಳನ್ನೂ ಒಂದೇ ವೇಗದಲ್ಲಿ ತಿರುಗಿಸುತ್ತದೆ.

“ಗಾಡಿ ಎಡಕ್ಕೆ ತಿರುಗುವುದಿಲ್ಲ” ಎಂಬುದು ಚಾಲಕರ ಸಾಮಾನ್ಯ ದೂರು. ಇದಕ್ಕೆ ಎಡದ ಕ್ಲಚ್ಚು ಬಿಡದಿರುವುದು ಕಾರಣವಾಗಬಹುದು, ಎಡದ ಬ್ರೇಕು ಹಿಡಿಯದಿರುವುದೂ ಕಾರಣವಾಗಬಹುದು, ಬಲದ ಕ್ಲಚ್ಚು ಭಾರದಲ್ಲಿ ಜಾರುತ್ತಿರುವುದೂ ಕಾರಣವಾಗಬಹುದು. ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ. ಸ್ಪ್ಯಾನರನ್ನು ಕೈಗೆತ್ತಿಕೊಳ್ಳುವುದಕ್ಕೆ ಮೊದಲು ಹತ್ತು ನಿಮಿಷ ಯಂತ್ರವನ್ನೇ ವಿಚಾರಿಸಿಕೊಳ್ಳುವುದು ಲೇಸು.

ಬಯಲಾದ ಸಮತಟ್ಟು ನೆಲದಲ್ಲಿ ಕೆಳಗಿನ ಗೇರಿನಲ್ಲಿ ನಡೆಸುತ್ತ ಎರಡು ಕೈಸನ್ನೆಗಳನ್ನೂ ಒಟ್ಟಿಗೆ ಪೂರ್ತಿ ಎಳೆಯಬೇಕು. ಕ್ಲಚ್ಚುಗಳೆರಡೂ ಸರಿಯಾಗಿದ್ದರೆ ಯಂತ್ರ ನಿಲ್ಲುತ್ತದೆ. ನಿಲ್ಲದೆ ಎಡಕ್ಕೆ ಹೊರಳುತ್ತ ನಡೆದರೆ ಬಲದ ಕ್ಲಚ್ಚು ಬಿಟ್ಟಿಲ್ಲ. ಬಲಕ್ಕೆ ಹೊರಳಿದರೆ ಎಡದ್ದು ಬಿಟ್ಟಿಲ್ಲ. ನೇರವಾಗಿ ನಡೆದರೆ ಎರಡೂ ಅಂಟಿಕೊಂಡಿವೆ. ಇನ್ನೊಂದು ಪರೀಕ್ಷೆಯಲ್ಲಿ ಸನ್ನೆಗಳನ್ನು ಮುಟ್ಟದೆ ಯಂತ್ರಕ್ಕೆ ಭಾರ ಹೊರಿಸಬೇಕು. ಆಗ ಒಂದು ಪಕ್ಕದ ಸರಪಳಿ ಹಿಂದೆ ಬಿದ್ದು ಯಂತ್ರ ಆ ಕಡೆಗೆ ಎಳೆದರೆ ಆ ಪಕ್ಕದ ಕ್ಲಚ್ಚು ಜಾರುತ್ತಿದೆಯೆಂದೇ ಮೊದಲು ಸಂಶಯಿಸಬೇಕು. ಎರಡು ಪರೀಕ್ಷೆಗಳಲ್ಲಿಯೂ ದೋಷ ಕಾಣದೆ ತಿರುವು ಮಾತ್ರ ಮಂದವಾಗಿದ್ದರೆ ಬ್ರೇಕಿನ ಕಡೆಗೆ ನೋಡಬೇಕು.

ಬಿಡದ ಕ್ಲಚ್ಚಿಗೆ ಮುಖ್ಯ ಕಾರಣ ತುಕ್ಕು. ಇವು ಒಣ ಕ್ಲಚ್ಚುಗಳು. ಕೆಸರುನೀರಿನಲ್ಲಿ ದುಡಿದ ಯಂತ್ರವನ್ನು ಕ್ಲಚ್ಚಿನ ಕೋಣೆಯಲ್ಲಿ ನೀರು ನಿಂತಿರುವಂತೆಯೇ ಒಂದೆರಡು ಮಳೆಗಾಲ ಬಯಲಿನಲ್ಲಿ ಬಿಟ್ಟರೆ ಬಿಲ್ಲೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಇಂಥ ಸಂದರ್ಭದಲ್ಲಿ ತುಕ್ಕುಬಿಡಿಸುವ ಎಣ್ಣೆ ಸುರಿಯುವ ಅಭ್ಯಾಸವುಂಟು, ಅದು ಸಲ್ಲದು. ಬಿಲ್ಲೆಗಳು ಬಿಟ್ಟುಕೊಳ್ಳಬಹುದು, ಆದರೆ ಅನಂತರ ಜಾರುತ್ತವೆ. ಸನ್ನೆಗೆ ಉದ್ದನೆಯ ಕೊಳವೆ ತೊಡಿಸಿ ಜಗ್ಗುವುದರಿಂದ ಒಳಗಿನ ಕವಲು ಬಾಗುವುದೇ ಹೆಚ್ಚು. ಯಂತ್ರವನ್ನು ಕೆಲವು ಗಂಟೆ ದುಡಿಸಿ ಬಿಸಿಮಾಡಿ, ಜನಸಂಚಾರವಿಲ್ಲದ ಬಯಲಿನಲ್ಲಿ ಆ ಪಕ್ಕದ ಸನ್ನೆಯನ್ನು ಪೂರ್ತಿ ಎಳೆದು ಹಿಡಿದು, ಅದೇ ಪಕ್ಕದ ಬ್ರೇಕನ್ನು ಆಗಾಗ ಒತ್ತುವುದು ಉತ್ತಮ. ಬಿಲ್ಲೆಗಳು ಬಿಟ್ಟ ಕ್ಷಣ ಯಂತ್ರವು ಥಟ್ಟನೆ ತಿರುಗುವುದೆಂಬುದನ್ನು ಮರೆಯಬಾರದು. ಇದರಿಂದಲೂ ಬಿಡದಿದ್ದರೆ ಕೋಣೆಯನ್ನು ತೆರೆದು ಬಿಲ್ಲೆಗಳನ್ನು ಬೇರ್ಪಡಿಸದೆ ಗತ್ಯಂತರವಿಲ್ಲ.

ಕೈಸನ್ನೆಯ ತುದಿಯಲ್ಲಿ ಸ್ವಲ್ಪ ಖಾಲಿ ಚಲನೆ ಇರಲೇಬೇಕು. ಬಿಲ್ಲೆಗಳು ಸವೆದಂತೆ ಅದು ಕಡಮೆಯಾಗುತ್ತ ಬರುತ್ತದೆ. ಪೂರ್ತಿ ಇಲ್ಲವಾದಾಗ ಸ್ಪ್ರಿಂಗಿನ ಒತ್ತಡದ ಒಂದಂಶವನ್ನು ಸನ್ನೆಯೇ ತಡೆದುಕೊಂಡು, ಕ್ಲಚ್ಚು ಜಾರಿ ಸುಡುತ್ತದೆ. ಅಳತೆಯು ಮಾದರಿಯಿಂದ ಮಾದರಿಗೆ ಬೇರೆಯಾಗುವುದರಿಂದ ಆಯಾ ಯಂತ್ರದ ಕೈಪಿಡಿಯನ್ನೇ ಅನುಸರಿಸಬೇಕು.

ಜಾರುವ ಕ್ಲಚ್ಚಿಗೆ ಸವೆತಕ್ಕಿಂತಲೂ ಕಪಟವಾದ ಕಾರಣ ಎಣ್ಣೆ. ಕ್ಲಚ್ಚಿನ ಕೋಣೆಯ ಒಂದು ಮಗ್ಗುಲಿಗೆ ಬೆವೆಲ್ ಗೇರಿನ ಎಣ್ಣೆ, ಇನ್ನೊಂದು ಮಗ್ಗುಲಿಗೆ ಅಂತಿಮ ಗೇರುಗಳ ಎಣ್ಣೆ. ನಡುವೆ ಸೀಲುಗಳು ಮಾತ್ರ. ಸೀಲು ಹಳತಾಗಿ ಎಣ್ಣೆ ಒಳಕ್ಕೆ ಜಿನುಗಿದರೆ ಸಾಮಾನ್ಯವಾಗಿ ಮೊದಲು ದೂರು ಹೇಳುವುದು ಬ್ರೇಕು. ಇದಕ್ಕೆ ಗಣಿತದ ಕಾರಣವಿದೆ. ಬಿಲ್ಲೆಕ್ಲಚ್ಚಿನ ಹಿಡಿತವು ಘರ್ಷಣಾಂಕಕ್ಕೆ ನೇರ ಅನುಪಾತದಲ್ಲಿರುತ್ತದೆ. ಡ್ರಮ್ಮಿಗೆ ಸುತ್ತಿದ ಪಟ್ಟಿಯಲ್ಲಾದರೋ, ಆಯ್ಲರನ ಸೂತ್ರದಂತೆ, ಎರಡು ತುದಿಗಳ ಎಳೆತದ ನಿಷ್ಪತ್ತಿಯು ಘರ್ಷಣಾಂಕ ಮತ್ತು ಸುತ್ತುಕೋನಗಳ ಗುಣಲಬ್ಧದೊಡನೆ ಘಾತೀಯವಾಗಿ ಬೆಳೆಯುತ್ತದೆ. ಪಟ್ಟಿಯು 270 ಡಿಗ್ರಿ ಸುತ್ತಿದೆ, ಒಣಗಿದ್ದಾಗ ಘರ್ಷಣಾಂಕ 0.3, ಎಣ್ಣೆಯಾದಾಗ 0.1 ಎಂದು ಭಾವಿಸೋಣ. ಆ ನಿಷ್ಪತ್ತಿಯು 4.1ರಿಂದ 1.6ಕ್ಕೆ ಇಳಿಯುತ್ತದೆ. ಬ್ರೇಕಿನ ಬಲಕ್ಕೆ ಎರಡು ಎಳೆತಗಳ ವ್ಯತ್ಯಾಸವೇ ಲೆಕ್ಕವಾದ್ದರಿಂದ, ಕಾಲಿನ ಒತ್ತು ಅಷ್ಟೇ ಇದ್ದರೆ ಅದು 3.1ರಿಂದ 0.6ಕ್ಕೆ, ಎಂದರೆ ಸುಮಾರು ಐದನೆಯ ಒಂದು ಪಾಲಿಗೆ ಕುಸಿಯುತ್ತದೆ. ಕ್ಲಚ್ಚು ಕಳೆದುಕೊಳ್ಳುವುದು ಮೂರರಲ್ಲಿ ಎರಡು ಪಾಲು. ಜೊತೆಗೆ ಸಾಮಾನ್ಯ ಭಾರಕ್ಕೆ ಬೇಕಾದ್ದಕ್ಕಿಂತ ಹೆಚ್ಚಿನ ಶಕ್ತಿ ಅದರಲ್ಲಿ ಮೀಸಲಾಗಿರುತ್ತದೆ.

ಈ ಹಂತದಲ್ಲಿ ಬ್ರೇಕನ್ನು ಬಿಗಿ ಮಾಡಿ ಕಳಿಸಿದರೆ ಯಂತ್ರ ಕೆಲವು ದಿನ ಓಡುತ್ತದೆ; ಸೀಲಿನ ದೋಷ ಮಾತ್ರ ಒಳಗೇ ಬೆಳೆಯುತ್ತದೆ. ಕೋಣೆಯ ತಳದ ಬಿರಡೆಯನ್ನು ಬಿಚ್ಚಿ ಏನು ಸುರಿಯುವುದೆಂದು ನೋಡುವುದಕ್ಕೆ ಐದು ನಿಮಿಷವೂ ಬೇಡ. ನೀರಾದರೆ ತುಕ್ಕಿನ ಕಥೆ, ಎಣ್ಣೆಯಾದರೆ ಸೀಲಿನ ಕಥೆ. ಗೇರುಪೆಟ್ಟಿಗೆಯ ಎಣ್ಣೆ ಇಳಿದಿದೆಯೆ, ಅಂತಿಮ ಗೇರಿನದು ಇಳಿದಿದೆಯೆ ಎಂದು ನೋಡಿದರೆ ಯಾವ ಸೀಲೆಂಬುದೂ ತಿಳಿಯುತ್ತದೆ. ಆದರೆ ಈಚಿನ ಅನೇಕ ಮಾದರಿಗಳಲ್ಲಿ ಕ್ಲಚ್ಚುಗಳು ಎಣ್ಣೆಯಲ್ಲಿಯೇ ಮುಳುಗಿ ಕೆಲಸಮಾಡುತ್ತವೆ. ಅವುಗಳ ಎಣ್ಣೆಯನ್ನು ದೋಷವೆಂದು ಹರಿಯಬಿಡಬಾರದು.

ಬ್ರೇಕು ದುರ್ಬಲವಾದ ಯಂತ್ರದ ನಿಜವಾದ ಅಪಾಯ ಇಳಿಜಾರಿನಲ್ಲಿದೆ. ಕಡಿದಾದ ಇಳಿಜಾರಿನಲ್ಲಿ ಯಂತ್ರದ ತೂಕವೇ ಅದನ್ನು ಕೆಳಕ್ಕೆ ತಳ್ಳುತ್ತಿರುತ್ತದೆ. ಇಂಜಿನು ಎಳೆಯುವ ಬದಲು ತಡೆಯುತ್ತಿರುತ್ತದೆ. ಆಗ ಎಡದ ಸನ್ನೆಯನ್ನು ಮಾತ್ರ ಎಳೆದರೆ ಎಡದ ಸರಪಳಿಗೆ ಇಂಜಿನಿನ ತಡೆ ತಪ್ಪಿ ಅದು ಮುಂದೋಡುತ್ತದೆ, ಯಂತ್ರವು ಬಲಕ್ಕೆ ತಿರುಗುತ್ತದೆ. ಸನ್ನೆಯ ಜೊತೆಗೆ ಬ್ರೇಕೂ ಹಿಡಿದರೆ ಮಾತ್ರ ಎಡಕ್ಕೆ ಬರುತ್ತದೆ. ಎಣ್ಣೆ ಹಿಡಿದ ಬ್ರೇಕಿನಿಂದ ಸಮತಟ್ಟಿನಲ್ಲಿ ಹೇಗೋ ಕೆಲಸ ಸಾಗಿಸುತ್ತಿದ್ದ ಚಾಲಕನು ಏರಿಯ ಮೇಲಿಂದ ಇಳಿಯುವಾಗ ಗಾಬರಿಯಿಂದ ಸನ್ನೆಯನ್ನು ಇನ್ನಷ್ಟು ಎಳೆಯುತ್ತಾನೆ. ಯಂತ್ರವು ತಾನು ತಪ್ಪಿಸಿಕೊಳ್ಳಬೇಕೆಂದಿದ್ದ ಕಡೆಗೇ ಸಾಗುತ್ತದೆ. ಇಳಿಯುವುದಕ್ಕೆ ಮೊದಲೇ ಕೆಳಗಿನ ಗೇರನ್ನು ಹಾಕಿ, ಎರಡು ಬ್ರೇಕುಗಳನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿಕೊಳ್ಳುವುದನ್ನು ಪ್ರಾಯೋಗಿಕ ತರಗತಿಗಳಲ್ಲಿ ಕಡ್ಡಾಯವಾಗಿ ಕಲಿಸಬೇಕೆಂದು ನನ್ನ ಅಭಿಪ್ರಾಯ.

ಕೋಣೆಯನ್ನು ತೆರೆಯಬೇಕಾಗಿ ಬಂದಾಗ ಒಂದು ಎಚ್ಚರಿಕೆ ಅಗತ್ಯ. ಹಳೆಯ ಬಿಲ್ಲೆ ಮತ್ತು ಪಟ್ಟಿಗಳ ಹೊದಿಕೆಯಲ್ಲಿ ಕಲ್ನಾರನ್ನು ಬಳಸುತ್ತಿದ್ದರು. ಅದರ ಪುಡಿ ಶ್ವಾಸಕೋಶಕ್ಕೆ ಮಾರಕ. ಗಾಳಿಯಂತ್ರದಿಂದ ಊದಿ ಶುಚಿಮಾಡುವ ಹಳೆಯ ಪದ್ಧತಿಯನ್ನು ಬಿಟ್ಟು, ತೇವದ ಬಟ್ಟೆಯಿಂದ ಒರೆಸಿ, ತಕ್ಕ ಮುಖಕವಚ ಧರಿಸಿ ಕೆಲಸಮಾಡಬೇಕು. ಕ್ಲಚ್ಚನ್ನು ಹೊರತೆಗೆದ ಮೇಲೆ ಎರಡು ಮಗ್ಗುಲಿನ ಸೀಲುಗಳನ್ನೂ ಒಟ್ಟಿಗೆ ಬದಲಾಯಿಸುವುದು ಮಿತವ್ಯಯ. ಸೀಲಿನ ಬೆಲೆ ಅಲ್ಪ. ಅದನ್ನು ತಲಪುವ ಶ್ರಮವೇ ದೊಡ್ಡದು.