ಮನೆಯ ವೈಫೈಯಲ್ಲಿ ಹಾಡು ನಿಂತಾಗ: ದೋಷ ಹುಡುಕುವ ಕ್ರಮ

ಮನೆಯೊಳಗಿನ ನೆಟ್‌ವರ್ಕ್ ಮೂಲಕ ಹಾಡು ಕೇಳುವ ವ್ಯವಸ್ಥೆಯಲ್ಲಿ ನಾಲ್ಕು ಕೊಂಡಿಗಳಿವೆ: ಹಾಡಿನ ಕಡತಗಳನ್ನು ಇಟ್ಟುಕೊಂಡ ಸರ್ವರ್, ಅವನ್ನು ಸಾಗಿಸುವ ರೂಟರ್ ಮತ್ತು ವೈಫೈ, ಕಡತವನ್ನು ದನಿಯಾಗಿಸುವ ಪ್ಲೇಯರ್, ಕೊನೆಯಲ್ಲಿ ಆಂಪ್ಲಿಫೈಯರ್ ಮತ್ತು ಸ್ಪೀಕರ್. ಸರ್ವರ್ ದೊಡ್ಡ ಯಂತ್ರವೇ ಆಗಬೇಕಿಲ್ಲ. ಹಳೆಯ ಕಂಪ್ಯೂಟರ್, ನೆಟ್‌ವರ್ಕಿಗೆ ಜೋಡಿಸಿದ ಹಾರ್ಡ್‌ಡಿಸ್ಕ್ ಅಥವಾ ಅಂಗೈಯಲ್ಲಿ ಹಿಡಿಯುವ ರಾಸ್ಪ್‌ಬೆರಿ ಪೈ ಸಾಕು.

ಪಡುಬಿದ್ರಿ, ಕಾಪು, ಉಡುಪಿ, ಕಾರ್ಕಳದಂಥ ಕಡೆ ಇಂಥ ಸರ್ವರಿಗೆ ಸೇರಬಹುದಾದ್ದು ಸಿನಿಮಾ ಹಾಡು, ಭಕ್ತಿಗೀತೆ ಮಾತ್ರವಲ್ಲ. ಕ್ಯಾಸೆಟ್‌ನಿಂದ ಇಳಿಸಿಕೊಂಡ ಯಕ್ಷಗಾನದ ಪದ, ಇರುಳಿಡೀ ನಡೆದ ಆಟ, ತಾಳಮದ್ದಳೆ, ಪಾಡ್ದನ ಕೂಡ ಅದರಲ್ಲಿರುತ್ತವೆ. ಯಕ್ಷಗಾನದ ಭಾಗವತರಲ್ಲಿ 1990ರಲ್ಲಿ ತೀರಿಕೊಂಡ ಗುಂಡ್ಮಿ ಕಾಳಿಂಗ ನಾವಡರು, 2023ರಲ್ಲಿ ತೀರಿಕೊಂಡ ಬಲಿಪ ನಾರಾಯಣ ಭಾಗವತರು ಇನ್ನು ಹೊಸದಾಗಿ ಹಾಡುವುದಿಲ್ಲ. ಅವರ ಹಾಡುಗಾರಿಕೆಯನ್ನು ಯಾರೋ ಆಟದ ಬಯಲಲ್ಲಿ ಕೂತು ಮುದ್ರಿಸಿಕೊಂಡಿದ್ದರೆ, ಆ ಮುದ್ರಣದ ಪ್ರತಿ ಲೋಕದಲ್ಲಿ ಒಂದೇ ಇರಬಹುದು. ಆದ್ದರಿಂದ ದುರಸ್ತಿಗೆ ಕೈಹಾಕುವ ಮೊದಲು ಸಂಗ್ರಹದ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ ಇರಬೇಕು. ಸರ್ವರನ್ನು ರೀಸೆಟ್ ಮಾಡುವುದು, ಡಿಸ್ಕನ್ನು ಫಾರ್ಮ್ಯಾಟ್ ಮಾಡುವುದು ತೀರಾ ಕೊನೆಯ ದಾರಿ. ಕೆಟ್ಟ ಕೊಂಡಿ ಯಾವುದೆಂದು ಮೊದಲು ಗೊತ್ತಾಗಬೇಕು. ಸೆಟ್ಟಿಂಗ್ ಬದಲಿಸುವುದು ಆಮೇಲೆ, ಅದೂ ಒಂದು ಸಲಕ್ಕೆ ಒಂದೇ.

ದನಿಯೇ ಕೊಡುವ ಸುಳಿವು

ನೆಟ್‌ವರ್ಕ್ ದುರ್ಬಲವಾದರೆ ಹಾಡು ತುಂಡಾಗುತ್ತದೆ, ನಿಲ್ಲುತ್ತದೆ, ಮತ್ತೆ ಹೊರಡುತ್ತದೆ. ‘ಗುಂಯ್’ ಎಂಬ ಸತತ ಸದ್ದು ಬರುವುದು ವೈಫೈಯಿಂದಲ್ಲ, ವಿದ್ಯುತ್ತಿನ ಕಡೆಯಿಂದ: ಸರಿಯಾಗಿ ಭೂಸಂಪರ್ಕವಿಲ್ಲದ ಸಾಕೆಟ್, ಸಡಿಲವಾದ ಆಡಿಯೋ ಕೇಬಲ್, ಚೌಕ ಅಲೆಯ ಅಗ್ಗದ ಇನ್ವರ್ಟರ್. ಕರೆಂಟು ಹೋಗಿ ಇನ್ವರ್ಟರ್ ಶುರುವಾದಾಗ ಮಾತ್ರ ಗುಂಯ್‌ಗುಟ್ಟಿದರೆ ರೂಟರನ್ನು ಮುಟ್ಟುವ ಅಗತ್ಯವೇ ಇಲ್ಲ.

ಹಾಡು ಎಲ್ಲಿ ತುಂಡಾಗುತ್ತದೆ ಎಂಬುದನ್ನೂ ಗಮನಿಸಬೇಕು. ಪ್ರತಿ ಸಲವೂ ಅದೇ ಪದದ ಅದೇ ಸಾಲಿನಲ್ಲಿ ನಿಂತರೆ ಕಡತವೋ ಡಿಸ್ಕೋ ಕೆಟ್ಟಿದೆ. ಡಿಸ್ಕ್ ಕೆಡುವ ಮೊದಲ ಲಕ್ಷಣವೂ ಇದಾಗಿರಬಹುದು, ತಕ್ಷಣ ಪ್ರತಿ ತೆಗೆದಿಡಬೇಕು. ಎಲ್ಲೆಂದರಲ್ಲಿ ನಿಂತರೆ ದೋಷ ದಾರಿಯಲ್ಲಿದೆ.

ಮುಂದಿನ ಪರೀಕ್ಷೆ ಹೋಲಿಕೆಯದು. ಅದೇ ಪ್ಲೇಯರಿನಲ್ಲಿ ಒಮ್ಮೆ ಮನೆಯ ಸರ್ವರಿನ ಹಾಡು, ಒಮ್ಮೆ ಅಂತರ್ಜಾಲದ ಆಕಾಶವಾಣಿ ಕೇಳಬೇಕು. ಮನೆಯ ಹಾಡು ಮಾತ್ರ ತಡೆದರೆ ದೋಷ ಸರ್ವರಿನದು ಅಥವಾ ಅದರ ಸಂಪರ್ಕದ್ದು. ಆಕಾಶವಾಣಿ ಮಾತ್ರ ತಡೆದರೆ ಹೊರಗಿನ ಲೈನಿನದು. ಎರಡೂ ತಡೆದರೆ ಪ್ಲೇಯರ್ ಅಥವಾ ಅದಕ್ಕೆ ಸಿಗುವ ವೈಫೈಯದು. ಮನೆಯಲ್ಲೇ ಇರುವ ಕಡತಕ್ಕೆ ಅಂತರ್ಜಾಲ ಬೇಕಿಲ್ಲ. ಹೊರಗಿನ ಲೈನ್ ಸತ್ತಿದ್ದರೂ ಅದು ಹಾಡಬೇಕು. ಹಾಗಾಗಿ ಹೆಚ್ಚು ವೇಗದ ಪ್ಲಾನ್ ಹಾಕಿಸಿಕೊಂಡರೆ ಮನೆಯ ಸರ್ವರಿನ ಹಾಡಿಗೆ ಏನೂ ಪ್ರಯೋಜನವಿಲ್ಲ.

ಸಂಗೀತಕ್ಕೆ ಬೇಕಾದ ವೇಗವೂ ದೊಡ್ಡದಲ್ಲ. ಅತ್ಯುತ್ತಮ ಗುಣಮಟ್ಟದ ಎಂಪಿ3ಗೆ ಸೆಕೆಂಡಿಗೆ 320 ಕಿಲೋಬಿಟ್, ಸಂಕುಚಿಸದ ಸಿ.ಡಿ. ಗುಣಮಟ್ಟಕ್ಕೆ 1,411 ಕಿಲೋಬಿಟ್ ಸಾಕು. ಬೇಕಾಗಿರುವುದು ಎಡೆಬಿಡದ ಹರಿವು. ಪ್ಲೇಯರಿನ ಬಫರ್ ಎಂದರೆ ಮನೆ ಮೇಲಿನ ನೀರಿನ ಟ್ಯಾಂಕು ಇದ್ದಂತೆ: ಪಂಪು ನಿಂತರೂ ಸ್ವಲ್ಪ ಹೊತ್ತು ನಲ್ಲಿ ಹರಿಯುತ್ತದೆ, ಟ್ಯಾಂಕು ಬರಿದಾದ ಮೇಲೆ ನಿಲ್ಲುತ್ತದೆ. ಸೆಟ್ಟಿಂಗಿನಲ್ಲಿ ಬಫರ್ ಹೆಚ್ಚಿಸಿದರೆ ಚಿಕ್ಕಪುಟ್ಟ ತಡೆಗಳು ಕಿವಿಗೆ ತಾಗುವುದಿಲ್ಲ.

ಗೋಡೆ, ಮಳೆ, ನೆರೆಮನೆಯ ವೈಫೈ

ಕರಾವಳಿಯ ಹಳೆಯ ಮನೆಗಳ ಗೋಡೆ ಮುರಕಲ್ಲಿನದು, ದಪ್ಪವೂ ಹೌದು. ರೇಡಿಯೋ ಅಲೆ ಪ್ರತಿ ಗೋಡೆಯಲ್ಲೂ ಸೊರಗುತ್ತದೆ. ಮುರಕಲ್ಲು ರಂಧ್ರಗಳ ಕಲ್ಲಾದ್ದರಿಂದ ಮಳೆಗಾಲದಲ್ಲಿ ನೀರು ಹೀರುತ್ತದೆ; ನೀರು ಅಲೆಯನ್ನು ಹೀರುತ್ತದೆ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಜಿಲ್ಲೆಯಲ್ಲಿ, ಮಾರ್ಚಿನಲ್ಲಿ ಸರಿಯಾಗಿದ್ದ ವ್ಯವಸ್ಥೆ ಜುಲೈಯಲ್ಲಿ ತಡವರಿಸಿದರೆ ನೆನೆದ ಗೋಡೆಯನ್ನೂ ಸಂಶಯಿಸಬೇಕು. ತಾರಸಿ ಮನೆಗಳಲ್ಲಿ ಕಾಂಕ್ರೀಟ್ ಸ್ಲ್ಯಾಬ್ ಮತ್ತು ಅದರೊಳಗಿನ ಕಬ್ಬಿಣ ಇದೇ ಕೆಲಸ ಮಾಡುತ್ತವೆ.

ವೈಫೈ ಮುಖ್ಯವಾಗಿ ಎರಡು ಪಟ್ಟಿಗಳಲ್ಲಿ ನಡೆಯುತ್ತದೆ. 2.4 ಗಿಗಾಹರ್ಟ್ಸ್ ಅಲೆ ಗೋಡೆ ದಾಟುವುದರಲ್ಲಿ ಮೇಲು. 5 ಗಿಗಾಹರ್ಟ್ಸ್ ವೇಗದಲ್ಲಿ ಮೇಲು, ಗೋಡೆಯ ಮುಂದೆ ಬೇಗ ಸೋಲುತ್ತದೆ. ಪಡುಬಿದ್ರಿಯ ತೋಟದ ನಡುವಿನ ಒಂಟಿ ಮನೆಗೆ ನೆರೆಯವರ ವೈಫೈ ಮುಟ್ಟುವುದೇ ಇಲ್ಲ. ಅಲ್ಲಿ ಗೋಡೆಯೊಂದೇ ತೊಡಕು, 2.4 ಸೂಕ್ತ. ಮಣಿಪಾಲದ ಬಹುಮಹಡಿ ಫ್ಲ್ಯಾಟುಗಳಲ್ಲಿ ಸ್ಥಿತಿ ಉಲ್ಟಾ: ಒಂದೇ ಕಟ್ಟಡದಲ್ಲಿ ಹತ್ತಾರು ರೂಟರುಗಳು. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಈ ಮೂರೇ. ಅಲ್ಲಿ 5 ಗಿಗಾಹರ್ಟ್ಸ್ ಆರಿಸಿಕೊಳ್ಳುವುದು ಒಳ್ಳೆಯದು.

ಅಂದಾಜು ಬೇಡ, ಅಳೆಯಬಹುದು. ಮೊಬೈಲಿಗೆ ಸಿಗುವ ವೈಫೈ ಅನಲೈಸರ್ ಆ್ಯಪಿನಲ್ಲಿ, ಪ್ಲೇಯರ್ ಇರುವ ಜಾಗದಲ್ಲೇ ನಿಂತು ಸಂಕೇತದ ಬಲ ನೋಡಬೇಕು. ಮೈನಸ್ 67 ಡಿಬಿಎಂ ಅಥವಾ ಸೊನ್ನೆಗೆ ಅದಕ್ಕಿಂತ ಹತ್ತಿರವಿದ್ದರೆ ಸ್ಟ್ರೀಮಿಂಗ್‌ಗೆ ಧಾರಾಳ. ಮೈನಸ್ 80ಕ್ಕಿಂತ ಕೆಳಗೆ ಭರವಸೆಯಿಲ್ಲ. ರೂಟರನ್ನು ಕಪಾಟಿನೊಳಗೆ, ಟಿ.ವಿ. ಹಿಂದೆ ಇಡದೆ, ಮನೆಯ ನಡುವೆ ಎತ್ತರದಲ್ಲಿ ಇಡಬೇಕು. ನಡು ಅಂಗಳವಿರುವ ಮನೆಯಲ್ಲಿ ಅಂಗಳಕ್ಕೆ ತೆರೆದ ಚಾವಡಿ ಒಳ್ಳೆಯ ಜಾಗ; ಅಲ್ಲಿಂದ ಅಲೆಗೆ ಬಯಲ ದಾರಿ ಸಿಗುತ್ತದೆ. ಒಂದೇ ಪಟ್ಟಿಯ ರಿಪೀಟರ್ ಕೇಳಿದ್ದನ್ನೇ ಮತ್ತೆ ಕಳಿಸಬೇಕಾದ್ದರಿಂದ ವೇಗ ಸರಿಸುಮಾರು ಅರ್ಧಕ್ಕಿಳಿಯುತ್ತದೆ. ಸರ್ವರನ್ನಾದರೂ ಈಥರ್ನೆಟ್ ಕೇಬಲಿನಿಂದ ರೂಟರಿಗೆ ಜೋಡಿಸಿದರೆ ಗಾಳಿಯ ಮೇಲಿನ ಅರ್ಧ ಹೊರೆ ಇಳಿಯುತ್ತದೆ. ಈ ಕೇಬಲ್ 100 ಮೀಟರ್ ತನಕ ನಡೆಯುತ್ತದೆ.

ಸರ್ವರ್ ಕಾಣಿಸದಿದ್ದರೆ

ಹಾಡು ತಡೆಯುವುದು ಒಂದು ಬಗೆ. ಮೊಬೈಲಿನ ಪ್ಲೇಯರ್ ಆ್ಯಪಿನಲ್ಲಿ ಸರ್ವರಿನ ಹೆಸರೇ ಮಾಯವಾಗುವುದು ಇನ್ನೊಂದು. ಜಾಲದಲ್ಲಿ ಸರ್ವರನ್ನು ತಾವೇ ಹುಡುಕುವ ಡಿಎಲ್‌ಎನ್‌ಎ ಬಗೆಯ ಪ್ಲೇಯರುಗಳು 239.255.255.250 ಎಂಬ ವಿಳಾಸಕ್ಕೆ ‘ಯಾರಿದ್ದೀರಿ’ ಎಂದು ಕೂಗು ಹಾಕುತ್ತವೆ. ಸರ್ವರ್ ಓಗೊಟ್ಟರೆ ಪಟ್ಟಿಯಲ್ಲಿ ಹೆಸರು ಬರುತ್ತದೆ. ಆ ಕೂಗು ಸಾಮಾನ್ಯವಾಗಿ ಒಂದೇ ಜಾಲದೊಳಗೆ ಉಳಿಯುತ್ತದೆ.

ಮೊದಲು ಫೋನು ಮೊಬೈಲ್ ಡೇಟಾದಲ್ಲಿ ಅಥವಾ ಅತಿಥಿ ವೈಫೈಯಲ್ಲಿ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಅತಿಥಿ ವೈಫೈ ಮನೆಯ ಉಪಕರಣಗಳನ್ನು ಬೇಕೆಂದೇ ಮರೆಮಾಡುತ್ತದೆ. ಫೈಬರ್ ಕಂಪನಿ ಕೊಟ್ಟ ಪೆಟ್ಟಿಗೆಯೂ ರೂಟರ್, ಮನೆಯವರು ತಂದು ಜೋಡಿಸಿದ್ದೂ ರೂಟರ್ ಆದರೆ ಮನೆಯೊಳಗೆ ಎರಡು ಜಾಲಗಳಾಗುತ್ತವೆ. ಮೊಬೈಲಿನ ವಿಳಾಸ 192.168.1ರಿಂದ, ಸರ್ವರಿನದು 192.168.0ರಿಂದ ಶುರುವಾದರೆ ಅದೇ ಕಾರಣವೆನ್ನಬಹುದು. ಎರಡನೆಯ ರೂಟರನ್ನು ಆ್ಯಕ್ಸೆಸ್ ಪಾಯಿಂಟ್ ಮೋಡಿಗೆ ಬದಲಿಸಿದರೆ ಜಾಲ ಒಂದಾಗುತ್ತದೆ.

ಕರೆಂಟು ಹೋಗಿ ಬಂದ ಮೇಲೆ ಸರ್ವರ್ ಕಾಣೆಯಾದರೆ ವಿಳಾಸ ಬದಲಾಗಿರಬಹುದು. ರೂಟರ್ ಎಚ್ಚರಗೊಳ್ಳುವ ಮೊದಲೇ ಸರ್ವರ್ ಎದ್ದರೆ ಅದು 169.254ರಿಂದ ಶುರುವಾಗುವ ವಿಳಾಸ ಹಾಕಿಕೊಂಡು ಕೂರುವುದುಂಟು. ರೂಟರನ್ನು ಮೊದಲು ಹಚ್ಚಿ, ಅದು ಪೂರ್ತಿ ಏಳುವವರೆಗೆ ಕಾದು, ಆಮೇಲೆ ಸರ್ವರ್, ಕೊನೆಗೆ ಪ್ಲೇಯರ್ ಹಚ್ಚುವುದು ಸರಿಯಾದ ಕ್ರಮ. ರೂಟರಿನಲ್ಲಿ ಸರ್ವರಿಗೆ ಒಂದು ವಿಳಾಸ ಕಾದಿರಿಸಿದರೆ ರೂಟರ್ ಪ್ರತಿ ಸಲವೂ ಅದನ್ನೇ ಕೊಡುತ್ತದೆ. ಸರ್ವರ್ ವಿಂಡೋಸ್ ಕಂಪ್ಯೂಟರಾದರೆ ಮನೆಯ ಜಾಲ ‘ಸಾರ್ವಜನಿಕ’ ಎಂದಲ್ಲ, ‘ಖಾಸಗಿ’ ಎಂದು ನಮೂದಾಗಿರಬೇಕು. ಇಲ್ಲದಿದ್ದರೆ ಫೈರ್‌ವಾಲ್ ಬಾಗಿಲು ಹಾಕುತ್ತದೆ.

ಕನ್ನಡದ ಹೆಸರು, ಇರುಳಿಡೀ ಆಟ

ಹಾಡಿನ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಗುರುತುಗಳು ಕಾಣಿಸಿದರೆ ದೋಷ ಜಾಲದ್ದಲ್ಲ. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪಿಸಿದ ಹೆಸರುಗಳು ಆ ಫಾಂಟ್ ಇಲ್ಲದ ಪ್ಲೇಯರಿನಲ್ಲಿ ಹೀಗೆ ಕಾಣುತ್ತವೆ. ಅವನ್ನು ಪರಿವರ್ತಕದಿಂದ ಯೂನಿಕೋಡಿಗೆ ತಿರುಗಿಸಿ, ಎಂಪಿ3 ಟ್ಯಾಗನ್ನು ಐಡಿ3 ಎರಡನೆಯ ಆವೃತ್ತಿಯಲ್ಲಿ ಉಳಿಸಬೇಕು. ಮೊದಲ ಆವೃತ್ತಿಯಲ್ಲಿ ಹೆಸರಿಗೆ ಇರುವುದು 30 ಬೈಟ್ ಮಾತ್ರ, ಕನ್ನಡಕ್ಕೆ ಅದು ತಕ್ಕುದಲ್ಲ.

ವಿಂಡೋಸ್‌ನಲ್ಲಿ ಸರಿಯಿದ್ದ ಕಡತ ಲಿನಕ್ಸ್ ಸರ್ವರಿಗೆ ಪ್ರತಿಯಾಗದಿದ್ದರೆ ಹೆಸರಿನ ಉದ್ದ ನೋಡಬೇಕು. ಲಿನಕ್ಸ್‌ನ ಸಾಮಾನ್ಯ ಕಡತ ವ್ಯವಸ್ಥೆಯಲ್ಲಿ ಹೆಸರಿನ ಮಿತಿ 255 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು. ‘ಕ್ಷಿ’ ಎಂಬ ಒಂದೇ ಅಕ್ಷರದಲ್ಲಿ ನಾಲ್ಕು ಸಂಕೇತಗಳಿವೆ, 12 ಬೈಟ್. ಪ್ರಸಂಗ, ಮೇಳ, ಭಾಗವತರು, ಊರು, ತಾರೀಖು ಎಲ್ಲವನ್ನೂ ಕಡತದ ಹೆಸರಿಗೇ ತುಂಬಿದರೆ ಮಿತಿ ಬೇಗ ಮುಗಿಯುತ್ತದೆ. ಹೆಸರು ಚಿಕ್ಕದಿರಲಿ, ವಿವರ ಟ್ಯಾಗಿನಲ್ಲಿರಲಿ.

ಇರುಳಿಡೀ ಆಟಕ್ಕೆ ಇನ್ನೊಂದು ಮಿತಿಯಿದೆ. ವೇವ್ ಕಡತದ ಗಾತ್ರವೂ ಫ್ಯಾಟ್32 ಡಿಸ್ಕಿನಲ್ಲಿ ಇಡುವ ಒಂದು ಕಡತದ ಗಾತ್ರವೂ 4 ಜಿಬಿಗೆ ನಿಲ್ಲುತ್ತವೆ. ಸಿ.ಡಿ. ಗುಣಮಟ್ಟದಲ್ಲಿ ಅದು ಸುಮಾರು ಆರೂಮುಕ್ಕಾಲು ಗಂಟೆ; ರಾತ್ರಿ ಹತ್ತರ ಆಟ ಮಂಗಳದ ಹೊತ್ತಿಗೆ ಅದನ್ನು ಮೀರುತ್ತದೆ. ಫ್ಲ್ಯಾಕ್ ರೂಪಕ್ಕೆ ತಿರುಗಿಸಿದರೆ ದನಿ ಕಿಂಚಿತ್ತೂ ಕೆಡದೆ ಗಾತ್ರ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಪ್ರಸಂಗವಾರು ತುಂಡು ಮಾಡಿಟ್ಟರೆ ಹುಡುಕುವುದೂ ಸುಲಭ.

ಸಿಡಿಲು, ಉಪ್ಪುಗಾಳಿ

ಮುಂಗಾರಿಗೆ ಮೊದಲು ಮತ್ತು ಹಿಂಗಾರಿನಲ್ಲಿ ಗುಡುಗು ಹೆಚ್ಚು. ಫೈಬರಿನ ಗಾಜಿನ ಎಳೆ ವಿದ್ಯುತ್ ಹಾಯಿಸುವುದಿಲ್ಲ. ಆದರೆ ಪ್ಲಗ್, ತಾಮ್ರದ ಈಥರ್ನೆಟ್ ಕೇಬಲ್, ಆಂಟೆನಾ ತಂತಿಗಳ ಮೂಲಕ ಸಿಡಿಲಿನ ಆಘಾತ ಒಳಬರುತ್ತದೆ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಳಚಬೇಕು, ಅದೂ ಗುಡುಗು ಹತ್ತಿರ ಬರುವ ಮೊದಲೇ. ಮನೆಯಿಂದ ಹೊರಮನೆಗೆ ಅಂಗಳ ದಾಟಿ ತಾಮ್ರದ ಕೇಬಲ್ ಎಳೆಯದೆ ಫೈಬರ್ ಬಳಸುವುದು ಕ್ಷೇಮ. ಸಿಡಿಲಿನ ಮರುದಿನ ರೂಟರಿನ ಒಂದು ಪೋರ್ಟಿನ ದೀಪ ಮಾತ್ರ ಹತ್ತದಿದ್ದರೆ ಆ ಪೋರ್ಟ್ ಸುಟ್ಟಿರಬಹುದು. ಪಕ್ಕದ್ದಕ್ಕೆ ಬದಲಿಸಿ ನೋಡಬೇಕು.

ಕಾರ್ಕಳದಂಥ ಘಟ್ಟದ ಬುಡದ ಊರುಗಳಲ್ಲಿ ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋಗುವುದುಂಟು. ಬರೆಯುತ್ತಿರುವಾಗ ಕರೆಂಟು ಹೋದರೆ ರಾಸ್ಪ್‌ಬೆರಿ ಪೈಯ ಮೆಮರಿ ಕಾರ್ಡ್ ಕೆಡುವ ಅಪಾಯವಿದೆ. ರೂಟರ್ ಮತ್ತು ಸರ್ವರಿಗೆ ಒಂದು ಚಿಕ್ಕ ಯುಪಿಎಸ್ ಇದ್ದರೆ ಅದು ತಪ್ಪುತ್ತದೆ. ಕಾಪು, ಪಡುಬಿದ್ರಿಯ ಕಡಲಂಚಿನಲ್ಲಿ ಉಪ್ಪುಗಾಳಿ ಕನೆಕ್ಟರುಗಳ ಲೋಹವನ್ನು ತಿನ್ನುತ್ತದೆ. ಸಾವಿರ ಮೆಗಾಬಿಟ್ ಸಂಪರ್ಕಕ್ಕೆ ಕೇಬಲಿನ ಎಂಟೂ ಎಳೆಗಳು ಬೇಕು. ಒಂದು ಜೋಡಿ ಕೆಟ್ಟರೆ ವೇಗ 100ಕ್ಕೆ ಇಳಿಯಬಹುದು. ಸಂಗೀತಕ್ಕೆ ಅಷ್ಟೂ ಧಾರಾಳವಾದರೂ ತುಕ್ಕು ಮುಂದುವರಿದರೆ ಸಂಪರ್ಕ ಬಿಟ್ಟುಬಿಟ್ಟು ಬರುತ್ತದೆ. ಹಸಿರುಗಟ್ಟಿದ ತುದಿಯನ್ನು ಕತ್ತರಿಸಿ ಹೊಸ ಕನೆಕ್ಟರ್ ಹಾಕುವುದೇ ಪರಿಹಾರ.

ದುರಸ್ತಿಯಾದ ಮೇಲೆ ಒಂದು ಉದ್ದದ ಮುದ್ರಣವನ್ನು ಮೊದಲಿನಿಂದ ಕೊನೆಯವರೆಗೆ ಹಾಡಿಸಿ ನೋಡಬೇಕು. ತಡೆಯಿಲ್ಲದೆ ಮುಗಿದರೆ ಸರ್ವರಿನ ವಿಳಾಸ, ಚಾನೆಲ್, ಬದಲಿಸಿದ ಸೆಟ್ಟಿಂಗ್ ಮತ್ತು ತಾರೀಖನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಮುಂದಿನ ಮಳೆಗಾಲದಲ್ಲಿ ದೋಷ ಮತ್ತೆ ಬಂದರೆ ಮನೆಯಲ್ಲಿ ಯಾರೇ ಇದ್ದರೂ ಅಲ್ಲಿಂದ ಮುಂದುವರಿಸಬಹುದು.