ಮೊದಲ ಡೋಸ್‌ಗೂ ಮುನ್ನ

ಆಂಟಿಬಯಾಟಿಕ್ ಬರೆಯುವವರು ವೈದ್ಯರು. ಆದರೆ ಯಾವುದು ಬೇಕು, ಎಷ್ಟು ದಿನ ಬೇಕು ಎಂಬ ತೀರ್ಮಾನ ಸರಿಯಾಗುವುದು ಬಹುಮಟ್ಟಿಗೆ ವಾರ್ಡಿನ ನರ್ಸ್‌ಗಳ ಕೆಲಸವನ್ನು ಅವಲಂಬಿಸಿದೆ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದ 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಜನ ಸತ್ತರೆಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಅಂದಾಜಿಸಿದೆ. ಇಂಥ ಬ್ಯಾಕ್ಟೀರಿಯಾಗಳನ್ನು ತಡೆಯುವ ಕೆಲಸ ರೋಗಿಯ ಹಾಸಿಗೆಯ ಪಕ್ಕದಲ್ಲೇ ಶುರುವಾಗಬೇಕು.

ರಕ್ತಕ್ಕೆ ನಂಜೇರಿದೆ ಎಂಬ ಶಂಕೆಯಿದ್ದರೆ ಔಷಧ ತಡವಾಗಬಾರದು. ಆದರೂ ಮೊದಲ ಡೋಸ್‌ಗೆ ಮುನ್ನವೇ, ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಬ್ಲಡ್ ಕಲ್ಚರ್‌ಗೆ ರಕ್ತ ತೆಗೆಯಬೇಕು. ಔಷಧ ಒಳಹೊಕ್ಕ ಮೇಲೆ ತೆಗೆದ ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯದೇ ಹೋಗಬಹುದು. ನರ್ಸ್ ಕ್ಲೋರ್‌ಹೆಕ್ಸಿಡಿನ್‌ನಿಂದ ಚರ್ಮ ಒರೆಸಿ, ಅದು ಪೂರ್ತಿ ಒಣಗುವವರೆಗೆ ಕಾಯುತ್ತಾರೆ. ಆ ಜಾಗವನ್ನು ಮತ್ತೆ ಬರಿಬೆರಳಿನಿಂದ ಮುಟ್ಟುವುದಿಲ್ಲ. ದೊಡ್ಡವರಿಗಾದರೆ ಸಾಮಾನ್ಯವಾಗಿ ಒಂದು ಕಲ್ಚರ್ ಬಾಟಲಿಗೆ 8ರಿಂದ 10 ಮಿ.ಲೀ. ರಕ್ತ ಬೇಕು. ನಂಜೇರಿದ ರಕ್ತದಲ್ಲೂ ಎಷ್ಟೋ ಸಲ ಮಿ.ಲೀ.ಗೆ ಒಂದು ಬ್ಯಾಕ್ಟೀರಿಯಾ ಕೂಡ ಇರುವುದಿಲ್ಲ. ರಕ್ತ ಕಡಿಮೆಯಾದರೆ ಅದು ಕೈತಪ್ಪುತ್ತದೆ. ಒಣಗುವ ಮೊದಲೇ ಸೂಜಿ ಚುಚ್ಚಿದರೆ ಚರ್ಮದ ಮೇಲಿನ ನಿರುಪದ್ರವಿ ಸ್ಟ್ಯಾಫಿಲೊಕಾಕಸ್ ಬಾಟಲಿ ಸೇರಬಹುದು. ಆಗ ಅದನ್ನೇ ಸೋಂಕೆಂದು ತಿಳಿದು, ರೋಗಿಗೆ ಬೇಡದ ವ್ಯಾಂಕೊಮೈಸಿನ್ ಎಂಬ ಆಂಟಿಬಯಾಟಿಕ್ ದಿನಗಟ್ಟಲೆ ಹರಿಯುತ್ತದೆ.

ಮೂತ್ರದ ಮಾತೂ ಇದೇ. ಕ್ಯಾತಿಟರ್‌ನ ಚೀಲದಲ್ಲಿ ನಿಂತ ಮೂತ್ರದಲ್ಲಿ ಬ್ಯಾಕ್ಟೀರಿಯಾ ತಾವಾಗಿಯೇ ಬೆಳೆದಿರುತ್ತವೆ, ಅದನ್ನು ಪರೀಕ್ಷೆಗೆ ಕಳಿಸಬಾರದು. ಜ್ವರವಾಗಲೀ ಬೇರೆ ಲಕ್ಷಣವಾಗಲೀ ಇಲ್ಲದೆ ಮೂತ್ರ ವಾಸನೆ ಬಂದಿತೆಂಬ ಒಂದೇ ಕಾರಣಕ್ಕೆ ಕಲ್ಚರ್ ಬೇಕಿಲ್ಲ.

“ನಂಗೆ ಪೆನ್ಸಿಲಿನ್ ಆಗಲ್ಲ ಸಿಸ್ಟರ್” ಎನ್ನುವ ರೋಗಿಯನ್ನು “ಏನಾಗಿತ್ತು?” ಎಂದು ಕೇಳಿ ಬರೆದುಕೊಳ್ಳುವುದೂ ದೊಡ್ಡ ಕೆಲಸ. ಬರೀ ಹೊಟ್ಟೆ ಕೆಟ್ಟಿದ್ದರೆ ಅದು ಅಡ್ಡಪರಿಣಾಮ. ಮೈಯೆಲ್ಲ ದದ್ದೆದ್ದು ಉಸಿರು ಕಟ್ಟಿದ್ದರೆ ಅಲರ್ಜಿಯ ಶಂಕೆ ಬಲವಾಗುತ್ತದೆ. ಅಲರ್ಜಿ ಎಂದು ಬರೆಸಿಕೊಂಡ ಬಹುಪಾಲು ಜನರಿಗೆ ಪರೀಕ್ಷಿಸಿದಾಗ ಅಲರ್ಜಿ ಇರುವುದಿಲ್ಲ. ಆ ಹಣೆಪಟ್ಟಿಯ ದೆಸೆಯಿಂದ ಅವರಿಗೆ ಇನ್ನೂ ವಿಶಾಲವ್ಯಾಪ್ತಿಯ ಔಷಧ ಕೊಡಬೇಕಾಗುತ್ತದೆ.

ಔಷಧ ಶುರುವಾಗಿ 48ರಿಂದ 72 ಗಂಟೆಗಳಲ್ಲಿ ಮರುಪರಿಶೀಲನೆ ಆಗಲೇಬೇಕು. ಜ್ವರ ಇಳಿದದ್ದು, ರೋಗಿ ಊಟ ಮಾಡತೊಡಗಿದ್ದು ಮೊದಲು ತಿಳಿಯುವುದು ನರ್ಸ್‌ಗೆ. “ಡಾಕ್ಟ್ರೇ, ಕಲ್ಚರ್ ರಿಪೋರ್ಟ್ ಬಂದಿದೆ. ಇಂಜೆಕ್ಷನ್ ಬದಲು ಮಾತ್ರೆ ಕೊಡಬಹುದಾ?” ಎಂದು ರೌಂಡ್ಸ್‌ನಲ್ಲಿ ಅವರು ಕೇಳಿದರೆ, ರಕ್ತನಾಳದಲ್ಲಿನ ಕ್ಯಾನುಲಾ ಬೇಗ ಹೊರಬರುತ್ತದೆ, ಅದರಿಂದ ತಗಲಬಹುದಾದ ಸೋಂಕೂ ತಪ್ಪುತ್ತದೆ.

ಹಾಗೆ ಕೇಳುವ ಧೈರ್ಯ ಬರಬೇಕಾದರೆ ಕೇಳಿಸಿಕೊಳ್ಳುವ ವೈದ್ಯರಿರಬೇಕು. ಚರ್ಮ ಒಣಗುವವರೆಗೆ ಕಾಯುವಷ್ಟು ಪುರುಸೊತ್ತು ಸಿಗಬೇಕಾದರೆ ಪಾಳಿಯಲ್ಲಿ ಸಾಕಷ್ಟು ನರ್ಸ್‌ಗಳಿರಬೇಕು. ಆಂಟಿಬಯಾಟಿಕ್ ಉಳಿಸುವ ಯೋಜನೆ ಹಾಕುವ ಆಸ್ಪತ್ರೆಗಳು ಮೊದಲು ನರ್ಸ್‌ಗಳನ್ನು ಆ ಯೋಜನೆಯ ಸಭೆಗೆ ಕರೆಯಲಿ.